ಎಂಜಿನ್ ಎಳೆಯುತ್ತಿಲ್ಲ ಅಂದರೆ ಮೊದಲು ಪಂಪಿಗೆ ಕೈ ಹಾಕಬೇಡಿ

ತುಮಕೂರಿನಲ್ಲಿ ಕೂತು ಬೋಟ್ ಎಂಜಿನ್ ಬಗ್ಗೆ ಬರೆಯುತ್ತಿದ್ದೇನೆ ಅಂದರೆ ನಗಬೇಡಿ. ನಮ್ಮ ಕಡೆ ದೋಣಿ ತೇಲಬೇಕಾದರೆ ಕೆರೆ ತುಂಬಬೇಕು, ಕೆರೆ ತುಂಬಬೇಕಾದರೆ ಹೇಮಾವತಿ ನೀರು ಬರಬೇಕು, ಅದು ಎಷ್ಟು ಬರುತ್ತದೆ ಯಾರ ಪಾಲಿಗೆ ಬರುತ್ತದೆ ಅನ್ನುವುದು ಬೇರೆಯದೇ ಜಗಳ. ಆದರೆ ಡೀಸೆಲ್ ಎಂಜಿನ್ನಿಗೆ ತಾನು ಯಾವ ಜಿಲ್ಲೆಯಲ್ಲಿದ್ದೇನೆ ಅಂತ ಗೊತ್ತಿರುವುದಿಲ್ಲ. ಅಂತರಸನಹಳ್ಳಿ ಮಾರ್ಕೆಟ್ಟಿಗೆ ಬರುವ ಲಾರಿ, ಶಿರಾ ಕಡೆಯ ಬೋರ್ ಲಾರಿ ಮೇಲಿನ ಕಂಪ್ರೆಸರ್, ಗುಬ್ಬಿಯ ಟ್ರ್ಯಾಕ್ಟರ್, ಕಡಲಲ್ಲಿ ಬಲೆ ಎಳೆಯುವ ಮಲ್ಪೆಯ ಟ್ರಾಲ್ ಬೋಟ್, ಎಲ್ಲದರ ಒಳಗೂ ನಡೆಯುವುದು ಒಂದೇ ಕೆಲಸ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡು, ಅದಕ್ಕೆ ಡೀಸೆಲ್ ಚಿಮ್ಮಿಸು. ಅಷ್ಟೇ.

ನನ್ನ ಕೆಲಸ ಡೀಸೆಲ್ ಪಂಪ್ ಮತ್ತು ನಾಝಲ್ ರಿಪೇರಿ. ಡೀಸೆಲನ್ನು ಜೋರು ಒತ್ತಡದಲ್ಲಿ ತಳ್ಳುವುದು ಪಂಪ್, ಸಿಲಿಂಡರಿನೊಳಗೆ ಚಿಮ್ಮಿಸುವುದು ನಾಝಲ್. ಹಳಬರು ಈಗಲೂ 'ಮೈಕೋ ಪಂಪ್ ನೋಡ್ತೀರಾ' ಅಂತಲೇ ಕೇಳಿಕೊಂಡು ಬರುತ್ತಾರೆ. ಆ ಕಂಪನಿ ಹೆಸರು ಬದಲಾಯಿಸಿಕೊಂಡು ಬಾಷ್ ಆಗಿದ್ದು 2008ರಲ್ಲಿ, ಆದರೆ ಹಳ್ಳಿಯವರ ಬಾಯಲ್ಲಿ ಅದಿನ್ನೂ ಮೈಕೋನೇ. ಪಂಪ್ ಬಿಚ್ಚಿ ಹೊಟ್ಟೆ ಹೊರೆಯುವ ನಾನೇ ಪಂಪ್ ಬಿಚ್ಚಬೇಡಿ ಅನ್ನುತ್ತಿದ್ದೇನೆ ಅಂದಮೇಲೆ ಅದರಲ್ಲಿ ಏನೋ ಇರಬೇಕು ಅಲ್ವಾ? ನನ್ನ ಬೆಂಚಿಗೆ ಬರುವ ಪಂಪುಗಳಲ್ಲಿ ಏನೂ ದೋಷವಿಲ್ಲದವು ತುಂಬಾ ಇರುತ್ತವೆ. ಅವನ್ನು ಬಿಚ್ಚಿ ತಂದವರು ಎರಡು ದಿನ ಕೆಲಸ ಕಳೆದುಕೊಂಡಿರುತ್ತಾರೆ, ವಾಪಸ್ ಕೂರಿಸುವಾಗ ಟೈಮಿಂಗ್, ಅಂದರೆ ಡೀಸೆಲ್ ಚಿಮ್ಮಬೇಕಾದ ಸಮಯ, ತಪ್ಪಿಸಿಕೊಂಡು ಹೊಸ ತೊಂದರೆ ತಂದುಕೊಳ್ಳುತ್ತಾರೆ.

ಡಿಪ್ಲೊಮಾದಲ್ಲಿ ಜೊತೆಗೆ ಓದಿದ ಗೆಳೆಯನೊಬ್ಬ ಮಲ್ಪೆಯವನು. ಮನೆಯವರದ್ದೇ ಒಂದು ಟ್ರಾಲ್ ಬೋಟ್ ಇದೆ. ಲಾರಿಗೆ ಹಾಕುವ ಜಾತಿಯದೇ ಆರು ಸಿಲಿಂಡರ್ ಎಂಜಿನ್, ಹಳೇ ಕಾಲದ ಮೆಕ್ಯಾನಿಕಲ್ ಪಂಪ್. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಇಂಥ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಮೀನು ಮರಿ ಹಾಕುವ ಕಾಲ, ಮೇಲೆ ಮಳೆಗಾಲದ ಕಡಲು. ಆಗಸ್ಟಿನಲ್ಲಿ ಕೆಲಸ ಶುರುವಾದ ಮೇಲೆ ಫೋನ್ ಬಂತು.

"ಎಂಥದು ಮಾರಾಯ ಇದು, ಎಂಜಿನ್ ಎಳೆಯುವುದೇ ಇಲ್ಲ. ದಕ್ಕೆಯಲ್ಲಿ (ಬೋಟ್ ನಿಲ್ಲಿಸುವ ಕಟ್ಟೆ) ಚಂದ ಓಡ್ತದೆ. ಹೊರಗೆ ಹೋಗಿ ಬಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತಿಗೆ ಬಿದ್ದುಹೋಗ್ತದೆ. ಇಲ್ಲಿ ಎಲ್ಲರೂ ಪಂಪ್ ಬಿಚ್ಚುವ ಅಂತಾರೆ."

"ಬಿಚ್ಚಬೇಡ ಇರು. ಹೊಗೆ ಯಾವ ಬಣ್ಣ?"

"ಹೊಗೆ ಎಂಥದ್ದೂ ಇಲ್ಲ. ಮೊದಲಿಗಿಂತ ಕಮ್ಮಿಯೇ."

ಈ ಒಂದು ಮಾತಿಗೆ ನನ್ನ ಅರ್ಧ ಅನುಮಾನಗಳು ಹೋದವು. ಕಪ್ಪು ಹೊಗೆ ಬಂದರೆ ಡೀಸೆಲ್ ಬರುತ್ತಿದೆ ಆದರೆ ಪೂರ್ತಿ ಉರಿಯುತ್ತಿಲ್ಲ ಅಂತ. ಗಾಳಿ ಕಮ್ಮಿ ಇರಬಹುದು, ಲೋಡ್ ಜಾಸ್ತಿಯಾಗಿ, ವೇಗ ಕಾಯುವ ಗವರ್ನರ್ ಡೀಸೆಲ್ ಸುರಿಯುತ್ತಿರಬಹುದು, ನಾಝಲ್ ಚಿಮ್ಮಿಸುವ ಬದಲು ತೊಟ್ಟಿಕ್ಕುತ್ತಿರಬಹುದು. ಕಣ್ಣುರಿ ಬರುವ ಬಿಳಿ ಹೊಗೆ ಅಂದರೆ ಡೀಸೆಲ್ ಉರಿಯದೆ ಹಾಗೇ ಆವಿಯಾಗಿ ಆಚೆ ಬರುತ್ತಿದೆ. ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ) ಹೋಗಿರಬಹುದು, ಟೈಮಿಂಗ್ ಹಿಂದೆ ಬಿದ್ದಿರಬಹುದು. ನೀಲಿ ಹೊಗೆ ಆದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಇವು ಯಾವುದೂ ಇಲ್ಲದೆ, ಹೊಗೆ ಮಾಮೂಲಿಗಿಂತ ತೆಳುವಾಗಿ, ಶಕ್ತಿ ಮಾತ್ರ ಬಿದ್ದರೆ ಎಂಜಿನ್ನಿಗೆ ಊಟ ಸಾಲುತ್ತಿಲ್ಲ. ಡೀಸೆಲ್ ಬೇಕಾದಷ್ಟು ಹೋಗುತ್ತಿಲ್ಲ.

ಆಮೇಲೆ ಆರ್‌ಪಿಎಂ ಕೇಳಿದೆ. ಮೊದಲು ನಿಮಿಷಕ್ಕೆ 1800 ಸುತ್ತು ಬರುತ್ತಿತ್ತು, ಈಗ 1500 ದಾಟಲ್ಲ ಅಂದ. "ಮುನ್ನೂರೇ ಅಲ್ವಾ ಕಮ್ಮಿ" ಅನ್ನುವ ಧಾಟಿ ಅವನದು. ಟ್ರ್ಯಾಕ್ಟರ್ ನೋಡಿ ಅಭ್ಯಾಸವಿರುವ ನಮಗೂ ಹಾಗೇ ಅನಿಸುತ್ತದೆ. ಬೋಟಿನಲ್ಲಿ ಲೆಕ್ಕ ಬೇರೆ. ನೀರಿನಲ್ಲಿ ಪ್ರೊಪೆಲ್ಲರ್ ತಿರುಗಿಸಲು ಬೇಕಾಗುವ ಶಕ್ತಿ ಸುಮಾರಾಗಿ ಆರ್‌ಪಿಎಂನ ಘನದಷ್ಟು ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. ಅದನ್ನೇ ತಿರುಗಿಸಿ ನೋಡಿದರೆ, 1800ರಲ್ಲಿ ಬೇಕಾಗುವ ಶಕ್ತಿಯಲ್ಲಿ 1500ರಲ್ಲಿ ಬೇಕಾಗುವುದು ಬರೀ 58 ಪರ್ಸೆಂಟ್. ಅಂದರೆ ಮೀಟರಿನಲ್ಲಿ ಮುನ್ನೂರು ಬಿದ್ದಿದ್ದರೂ ಎಂಜಿನ್ ಹತ್ತಿರ ಹತ್ತಿರ ಅರ್ಧ ಶಕ್ತಿ ಕಳೆದುಕೊಂಡಿದೆ. ಸಣ್ಣಪುಟ್ಟ ಸೆಟ್ಟಿಂಗ್ ಹೆಚ್ಚುಕಮ್ಮಿಯಾದರೆ ಇಷ್ಟು ಹೋಗಲ್ಲ.

ದಕ್ಕೆಯಲ್ಲಿ ಚಂದ ಓಡುತ್ತದೆ ಅನ್ನುವುದನ್ನೂ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ತುಳಿದು 'ನೋಡಿ ಸಾರ್, ಕೊಡ್ತಿದೆ' ಅನ್ನುವವರು ನಮ್ಮಲ್ಲೂ ಇದ್ದಾರೆ. ಲೋಡ್ ಇಲ್ಲದಾಗ ಎಂಜಿನ್ನಿಗೆ ಬೇಕಾಗುವುದು ತನ್ನನ್ನು ತಾನು ತಿರುಗಿಸಿಕೊಳ್ಳುವಷ್ಟು ಡೀಸೆಲ್ ಮಾತ್ರ. ಮುಕ್ಕಾಲು ಭಾಗ ಕಟ್ಟಿಕೊಂಡ ಫಿಲ್ಟರಿನಲ್ಲೂ ಅಷ್ಟು ಹೋಗುತ್ತದೆ. ಲೋಡ್ ಬಿದ್ದಾಗ ಏನಾಗುತ್ತದೆ ಅನ್ನುವುದೇ ಪರೀಕ್ಷೆ, ಉಳಿದದ್ದೆಲ್ಲ ಸುಮ್ನೆ ಸದ್ದು.

ಅಷ್ಟರಲ್ಲಿ ಒಂದು ಪುಕ್ಕಟೆ ಪರೀಕ್ಷೆ ಮಾಡಿಸಿದೆ. ಮೇಲೆ ಕ್ಯಾಬಿನ್‌ನಲ್ಲಿ ಒಬ್ಬ ಲಿವರ್ ಪೂರ್ತಿ ತಳ್ಳಬೇಕು, ಕೆಳಗೆ ಇನ್ನೊಬ್ಬ ಪಂಪಿನ ಲಿವರ್ ಸ್ಟಾಪ್ ಬೋಲ್ಟಿಗೆ ತಾಗುತ್ತದಾ ನೋಡಬೇಕು. ಕೇಬಲ್ ಸಡಿಲವಾಗಿ, ಪೂರ್ತಿ ತಳ್ಳಿದರೂ ಪಂಪಿಗೆ ಮುಕ್ಕಾಲೇ ತಲುಪುತ್ತಿದ್ದರೆ ಅದೂ ಹೊಗೆಯಿಲ್ಲದ ಶಕ್ತಿ ಕೊರತೆಯೇ. ಎಂಜಿನ್ ನಿಲ್ಲಿಸಿಯೇ ಮಾಡಬಹುದು. ಇವನದು ಸರಿಯಾಗಿ ತಾಗುತ್ತಿತ್ತು.

ಮುಂದಿನ ಪ್ರಶ್ನೆಗೆ ಬಂದ ಉತ್ತರದಲ್ಲೇ ಎಲ್ಲ ಇತ್ತು. ಬಿದ್ದ ಮೇಲೆ ಏನು ಮಾಡುತ್ತೀರಿ ಅಂದೆ. ನಿಲ್ಲಿಸುತ್ತೇವೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಮೊದಲಿನ ಹಾಗೇ ಎಳೆಯುತ್ತದೆ, ಅರ್ಧ ಗಂಟೆಗೆ ಮತ್ತೆ ಅದೇ ಕಥೆ ಅಂದ.

ಸವೆದುಹೋದ ಪಂಪ್ ಎಲಿಮೆಂಟ್ (ಪಂಪಿನೊಳಗೆ ಡೀಸೆಲ್ ತಳ್ಳುವ ಭಾಗ) ರೆಸ್ಟ್ ತಗೊಂಡು ಸರಿಯಾಗಿ ಬರುವುದಿಲ್ಲ. ನಾಝಲ್ ಕೂಡ ಇಲ್ಲ. ಕಟ್ಟಿಕೊಂಡ ಫಿಲ್ಟರ್ ಆದರೂ ಕಟ್ಟಿಕೊಂಡೇ ಇರುತ್ತದೆ, ಅವನು ಫಿಲ್ಟರ್ ಹೊಸದು ಹಾಕಿಯೂ ಆಗಿತ್ತು. ನಿಲ್ಲಿಸಿದರೆ ಸರಿಹೋಗುತ್ತದೆ ಅಂದರೆ ಟ್ಯಾಂಕಿನಿಂದ, ಡೀಸೆಲ್ ಎಳೆದು ಕೊಡುವ ಸಣ್ಣ ಫೀಡ್ ಪಂಪಿನವರೆಗೆ, ಎಳೆಯುವ ಕಡೆ, ಏನೋ ಇದೆ. ಎಂಜಿನ್ ಓಡುವಾಗ ಅದು ದಾರಿಗೆ ಅಡ್ಡ ಬರುತ್ತದೆ, ನಿಲ್ಲಿಸಿದಾಗ ಸರಿದುಕೊಳ್ಳುತ್ತದೆ.

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಜನ ಎಡವುವುದೇ ಇಲ್ಲಿ. ಡೀಸೆಲ್ ಟ್ಯಾಂಕಿನಿಂದ ಹೊರಟು ನೀರು ಬೇರ್ಪಡಿಸುವ ಬಟ್ಟಲಿಗೆ, ಅಲ್ಲಿಂದ ಫೀಡ್ ಪಂಪಿಗೆ, ಮುಂದೆ ಫಿಲ್ಟರ್, ಆಮೇಲೆ ದೊಡ್ಡ ಪಂಪ್. ಫೀಡ್ ಪಂಪಿನ ಮುಂದೆ ಇರುವುದೆಲ್ಲ ತಳ್ಳುವ ಕಡೆ. ಅಲ್ಲಿ ಲೀಕ್ ಆದರೆ ಡೀಸೆಲ್ ಆಚೆ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಹಿಂದೆ ಇರುವುದು ಎಳೆಯುವ ಕಡೆ. ಅಲ್ಲಿ ಲೀಕ್ ಆದರೆ ಡೀಸೆಲ್ ಆಚೆ ಬರಲ್ಲ, ಗಾಳಿ ಒಳಗೆ ಹೋಗುತ್ತದೆ. ಎಳನೀರಿನ ಸ್ಟ್ರಾ ಸೀಳು ಬಿಟ್ಟರೆ ಎಷ್ಟು ಹೀರಿದರೂ ಬಾಯಿಗೆ ಗಾಳಿಯೇ ಬರುವುದಿಲ್ವಾ, ಹಾಗೆ. ಪೈಪ್ ಒಣಗಿರುತ್ತದೆ, ಒರೆಸಿದ ಬಟ್ಟೆಗೆ ಎಣ್ಣೆ ಹತ್ತಲ್ಲ, ಆದರೆ ಎಂಜಿನ್ 'ಏರ್ ಹಿಡಿದು' ಬಿದ್ದುಹೋಗುತ್ತದೆ. ಪೈಪ್ ಕೂರಿಸುವ ಬ್ಯಾಂಜೊ ಬೋಲ್ಟಿನ ಹಳೇ ಕಾಪರ್ ವಾಷರನ್ನೇ ಮತ್ತೆ ಹಾಕಿ ಟೈಟ್ ಮಾಡುವುದು ನಮ್ಮ ಕಡೆ ಪದ್ಧತಿ. ಆ ವಾಷರ್ ಒಂದು ಸಲ ಅಮುಕಿಕೊಂಡ ಮೇಲೆ ಎರಡನೇ ಸಲ ಸರಿಯಾಗಿ ಕೂರುವ ಗ್ಯಾರಂಟಿ ಇಲ್ಲ. ಹೊಸದಕ್ಕೆ ಏನು ಮಹಾ ಖರ್ಚಾಗುತ್ತದೆ? ಒಂದು ಅಡಿ ಪಾರದರ್ಶಕ ಪೈಪ್ ಮಧ್ಯದಲ್ಲಿ ಸೇರಿಸಿ ಓಡಿಸಿದರೆ ಗುಳ್ಳೆ ಹೋಗುತ್ತಿರುವುದು ಕಾಣುತ್ತದೆ, ಅಲ್ಲಿಗೆ ವಾದವೇ ಮುಗಿಯಿತು. ಪರೀಕ್ಷೆ ಮುಗಿದ ಮೇಲೆ ಆ ಪೈಪ್ ತೆಗೆದುಹಾಕಿ, ಎಂಜಿನ್ ಶಾಖಕ್ಕೆ ಅದು ತಡೆಯಲ್ಲ.

ಇವನದರಲ್ಲಿ ಗುಳ್ಳೆ ಇರಲಿಲ್ಲ.

ಉಳಿದಿದ್ದು ಎರಡು. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿರಬೇಕು, ಇಲ್ಲವೇ ಟ್ಯಾಂಕಿನ ಒಳಗೆ ಕಸ ಇರಬೇಕು. ಮೊದಲನೆಯದನ್ನು ನೋಡುವುದು ಸುಲಭ. ಎಂಜಿನ್ ಬಿದ್ದ ತಕ್ಷಣ ಟ್ಯಾಂಕಿನ ಮುಚ್ಚಳ ತಿರುಗಿಸಿದರೆ ಬುಸ್ ಅಂತ ಗಾಳಿ ಒಳಗೆ ನುಗ್ಗುತ್ತದೆ, ಎಂಜಿನ್ ಚೇತರಿಸಿಕೊಳ್ಳುತ್ತದೆ. ಡೀಸೆಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದಿದ್ದರೆ ಒಳಗೆ ನಿರ್ವಾತವಾಗಿ ಫೀಡ್ ಪಂಪ್ ಎಷ್ಟು ಒದ್ದಾಡಿದರೂ ಎಳೆಯಲಾಗಲ್ಲ. ಇದು ನಮ್ಮ ಟ್ರ್ಯಾಕ್ಟರುಗಳಲ್ಲಿ ಧಾರಾಳವಾಗಿ ಸಿಗುವ ಕಾಯಿಲೆ. ಮುಚ್ಚಳ ಎಲ್ಲೋ ಬಿದ್ದುಹೋಗಿರುತ್ತದೆ, ಅದರ ಬದಲು ಪ್ಲಾಸ್ಟಿಕ್ ಕವರ್ ಮುಚ್ಚಿ ಟ್ಯೂಬಿನ ರಬ್ಬರಿನಿಂದ ಬಿಗಿಯಾಗಿ ಕಟ್ಟಿರುತ್ತಾರೆ. ನಾಲ್ಕು ಸಾಲು ಉತ್ತು ನಿಲ್ಲುತ್ತದೆ. ಮಾಲೀಕರು 'ನಾಝಲ್ ಹೋಗಿದೆ' ಅಂತ ನನ್ನ ಹತ್ತಿರ ಬರುತ್ತಾರೆ. ಆ ಕವರ್ ಬಿಚ್ಚಿ ತೋರಿಸಿದರೆ ಯಾರಿಗೂ ಖುಷಿ ಆಗಲ್ಲ, ನನಗೆ ಅಂತೂ ದುಡ್ಡು ಸಿಗಲ್ಲ.

ಬೋಟಿನಲ್ಲಿ ಮುಚ್ಚಳ ತೆಗೆದರೂ ವ್ಯತ್ಯಾಸ ಆಗಲಿಲ್ಲ. ಹಾಗಾಗಿ ಡ್ರಮ್ ಪರೀಕ್ಷೆ. ಟ್ಯಾಂಕಿನ ಪೈಪ್ ಬಿಚ್ಚಿ, ಶುದ್ಧ ಡೀಸೆಲ್ ತುಂಬಿದ ಡ್ರಮ್ಮಿಗೆ ಕೊಟ್ಟು, ಅದೇ ಲೋಡಿನಲ್ಲಿ ಓಡಿಸಬೇಕು. ಟ್ರ್ಯಾಕ್ಟರಿಗೆ ಇಪ್ಪತ್ತು ಲೀಟರ್ ಕ್ಯಾನ್ ಸಾಕು, ಬೋಟಿಗೆ ಸಾಲಲ್ಲ. ಒಂದು ವಿಷಯ ಮರೆಯಬಾರದು, ರಿಟರ್ನ್ ಪೈಪನ್ನೂ ಅದೇ ಡ್ರಮ್ಮಿಗೆ ಬಿಡಬೇಕು. ಪಂಪು ಬೇಕಾದ್ದಕ್ಕಿಂತ ಜಾಸ್ತಿ ಡೀಸೆಲ್ ತರಿಸಿಕೊಂಡು ಉಳಿದದ್ದನ್ನು ವಾಪಸ್ ಕಳಿಸುತ್ತದೆ, ಅದು ಹಳೇ ಟ್ಯಾಂಕಿಗೆ ಹೋದರೆ ಡ್ರಮ್ ನೀವು ಅಂದುಕೊಂಡಿದ್ದಕ್ಕಿಂತ ಬೇಗ ಖಾಲಿ. ಡ್ರಮ್ಮನ್ನು ಗಟ್ಟಿಯಾಗಿ ಕಟ್ಟಿ, ಬಿಸಿ ಸೈಲೆನ್ಸರಿನಿಂದ ದೂರ ಇಡಿ ಅಂದೆ. ದೂರ ಹೋಗಬೇಡಿ, ಪಕ್ಕದಲ್ಲಿ ಇನ್ನೊಂದು ಬೋಟ್ ಇರಲಿ ಅಂತಲೂ ಹೇಳಿದೆ. ನಮ್ಮ ಟ್ರ್ಯಾಕ್ಟರ್ ನಿಂತರೆ ಹೊಲದಲ್ಲಿ ನಿಲ್ಲುತ್ತದೆ. ಅವರದ್ದು ಹಾಗಲ್ಲ.

ಡ್ರಮ್ಮಿನಲ್ಲಿ 1800 ಬಂತು, ಅರ್ಧ ಗಂಟೆ ದಾಟಿದರೂ ಬೀಳಲಿಲ್ಲ. ಪಂಪ್, ನಾಝಲ್, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ, ಎಲ್ಲವೂ ಒಂದೇ ಏಟಿಗೆ ಆರೋಪಮುಕ್ತ.

ಟ್ಯಾಂಕಿನ ಮೇಲಿನ ಮುಚ್ಚಳ ಬಿಚ್ಚಿ ಫೋಟೊ ಕಳಿಸಿದ. ತಳದಲ್ಲಿ ನೀರು, ಅದರ ಮೇಲೆ ಕಂದು ಕಪ್ಪು ಬಣ್ಣದ ಲೋಳೆ. ಅರ್ಧ ಖಾಲಿ ಟ್ಯಾಂಕ್ ಎರಡು ತಿಂಗಳು ಮಳೆಗಾಲದ ತೇವದ ಗಾಳಿ ಉಸಿರಾಡಿದೆ. ಆ ತೇವ ತಣ್ಣಗಿನ ತಗಡಿಗೆ ತಾಗಿ ಹನಿಯಾಗಿ ಇಳಿದಿದೆ. ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ಕೆಳಗೆ ಕೂತಿದೆ. ಈ ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಒಂದು ಥರದ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವಕ್ಕೆ ಬದುಕಲು ನೀರು ಬೇಕು, ತಿನ್ನಲು ಡೀಸೆಲ್ ಬೇಕು, ಎರಡೂ ಅಲ್ಲೇ ಇದೆ. ಡೀಸೆಲ್ ತಿನ್ನುವ ಜೀವ ಇದೆ ಅಂದರೆ ನಮ್ಮ ಹುಡುಗರು ನಂಬಲಿಲ್ಲ, ಫೋಟೊ ತೋರಿಸಿದ ಮೇಲೆ ಸುಮ್ಮನಾದರು. ಎಂಜಿನ್ ಜೋರಾಗಿ ಎಳೆದಾಗ ಈ ಲೋಳೆ ಬಂದು ಎಳೆಯುವ ಪೈಪಿನ ಬಾಯಲ್ಲಿರುವ ಜಾಲರಿಗೆ ಅಂಟಿಕೊಳ್ಳುತ್ತಿತ್ತು. ನಿಲ್ಲಿಸಿದರೆ ಎಳೆತ ನಿಂತು ಉದುರುತ್ತಿತ್ತು. ದಕ್ಕೆಯಲ್ಲಿ ಐಡಲ್ ಓಡುವಾಗ ಅಷ್ಟು ಎಳೆತವೇ ಇಲ್ಲ, ಅದಕ್ಕೇ ಚಂದ ಓಡುತ್ತಿದ್ದದ್ದು.

ಟ್ಯಾಂಕ್ ಖಾಲಿ ಮಾಡಿ, ಒಳಗೆ ಒರೆಸಿ ತೊಳೆದು, ಬೂಷ್ಟು ಸಾಯುವ ಔಷಧಿ ಹಾಕಿದರು. ಹಾಗೆ ಮಾಡಿದ ಮೇಲೂ ಮೂಲೆಯಲ್ಲಿ ಉಳಿದದ್ದು ಬಿಟ್ಟುಕೊಂಡು ಬರುತ್ತದೆ, ಆದ್ದರಿಂದ ಮುಂದಿನ ಕೆಲವು ಸಲ ಹೋಗುವಾಗ ಫಿಲ್ಟರ್ ಎಕ್ಸ್‌ಟ್ರಾ ಇಟ್ಟುಕೊಳ್ಳಲೇಬೇಕು. ದಿನಾ ಬೆಳಿಗ್ಗೆ ನೀರು ಬೇರ್ಪಡಿಸುವ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಬಿಡಬೇಕು. ಮೀನುಗಾರಿಕೆ ನಿಷೇಧಕ್ಕೆ ಮುಂಚೆ ಟ್ಯಾಂಕ್ ಹೆಚ್ಚುಕಮ್ಮಿ ಪೂರ್ತಿ ತುಂಬಿಟ್ಟರೆ ತೇವದ ಗಾಳಿಗೆ ಒಳಗೆ ಜಾಗವೇ ಇರಲ್ಲ. ಅಷ್ಟು ಡೀಸೆಲ್‌ಗೆ ಮುಂಗಡ ದುಡ್ಡು ಹಾಕಿ ಎರಡು ತಿಂಗಳು ಸುಮ್ಮನೆ ಬಿಡುವುದು ಸುಲಭವಲ್ಲ ಅಂತ ನನಗೂ ಗೊತ್ತು. ಆಗದಿದ್ದರೆ ಕಡೇ ಪಕ್ಷ ಸೀಸನ್ ಶುರುವಾಗುವ ಮುಂಚೆ ತಳದ ನೀರು ತೆಗೆಯಬೇಕು. ನಮ್ಮಲ್ಲೂ ವರ್ಷದಲ್ಲಿ ಎಂಟು ತಿಂಗಳು ಪಂಪ್‌ಹೌಸಿನಲ್ಲಿ ನಿದ್ದೆ ಮಾಡುವ ಹಳೇ ಆಯಿಲ್ ಎಂಜಿನ್‌ಗಳಿಗೆ ಇದೇ ಮಾತು. ಕರೆಂಟ್ ಕೈಕೊಟ್ಟ ದಿನ ಅದನ್ನು ನೆನೆಸಿಕೊಂಡು ಹ್ಯಾಂಡಲ್ ಹಾಕುತ್ತಾರೆ, ಅದು ಕೆಮ್ಮುತ್ತದೆ.

ಇದೇ ಬೋಟಿನಲ್ಲಿ ಕಪ್ಪು ಹೊಗೆ ಬಂದಿದ್ದರೆ ನಾನು ಬೇರೆ ಕಡೆ ನೋಡುತ್ತಿದ್ದೆ. ಮೊದಲು ನೀರಿನ ಕೆಳಗೆ. ಪ್ರೊಪೆಲ್ಲರಿಗೆ ಬಲೆಯ ಹಗ್ಗ ಸುತ್ತಿಕೊಂಡಿರಬಹುದು, ಎಲೆ ಬಾಗಿರಬಹುದು, ಬೋಟಿನ ತಳಕ್ಕೆ ಪಾಚಿ, ಚಿಪ್ಪು ಕಟ್ಟಿರಬಹುದು. ಇಲ್ಲಿ ಎಂಜಿನ್ ಗಟ್ಟಿಯಾಗೇ ಇರುತ್ತದೆ, ಭಾರ ಜಾಸ್ತಿಯಾಗಿರುತ್ತದೆ. ಟ್ರ್ಯಾಕ್ಟರಿನಲ್ಲಿ ಬ್ರೇಕ್ ಹಿಡಿದುಕೊಂಡಿದ್ದರೆ, ರೋಟವೇಟರ್ ಜಾಸ್ತಿ ಆಳಕ್ಕೆ ಇಳಿಸಿದ್ದರೆ ಆಗುವುದೂ ಇದೇ.

ಆಮೇಲೆ ಗಾಳಿ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕಮ್ಮಿ ಅಂದರೂ ಹತ್ತು ಸಾವಿರ ಲೀಟರ್ ಗಾಳಿ ಬೇಕು, ನಿಜವಾಗಿ ಓಡುವ ಎಂಜಿನ್ ಅದಕ್ಕಿಂತ ಜಾಸ್ತಿಯೇ ಎಳೆದುಕೊಳ್ಳುತ್ತದೆ. ಮಳೆ ಅಂತ ಎಂಜಿನ್ ರೂಮಿನ ಬಾಗಿಲೆಲ್ಲ ಮುಚ್ಚಿಕೊಂಡರೆ ಎಲ್ಲಿಂದ ಬರಬೇಕು? ಬಾಗಿಲು ತೆರೆದಿಟ್ಟು ಓಡಿಸಿದಾಗ ಹೊಗೆ ಕಮ್ಮಿಯಾದರೆ ಉತ್ತರ ಸಿಕ್ಕಿತು. ಟರ್ಬೊ ಇದ್ದರೆ ಅದರಿಂದ ಎಂಜಿನ್ನಿಗೆ ಹೋಗುವ ಹೋಸ್ ಒಡೆದಿದೆಯಾ, ಕ್ಲಿಪ್ ಸಡಿಲವಾ ನೋಡಿ. ನಮ್ಮಲ್ಲಿ ರಾಗಿ ಒಕ್ಕಣೆ ಮುಗಿದ ಮೇಲೆ ಬರುವ ಟ್ರ್ಯಾಕ್ಟರುಗಳ ಏರ್ ಫಿಲ್ಟರ್ ಬಿಚ್ಚಿದರೆ ಹೊಟ್ಟು ಸುರಿಯುತ್ತದೆ. ಅಂದಹಾಗೆ ತುಮಕೂರು ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರ. ಇಲ್ಲಿ ಗಾಳಿಯೇ ಎಂಟು ಪರ್ಸೆಂಟ್‌ನಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಮಲ್ಪೆಯಲ್ಲಿ ಕೊಡುವ ಶಕ್ತಿಯನ್ನು ಇಲ್ಲಿ ಕೊಡುವುದಿಲ್ಲ, ಅದಕ್ಕೆ ಯಾರನ್ನೂ ಬೈದು ಪ್ರಯೋಜನವಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಸಿಗದಿದ್ದರೆ ಟ್ಯಾಪೆಟ್ ಗ್ಯಾಪ್ (ವಾಲ್ವಿನ ಸಂದು), ಕಂಪ್ರೆಷನ್, ನಾಝಲ್, ಟೈಮಿಂಗ್. ಹಳೇ ಮೆಕ್ಯಾನಿಕಲ್ ಎಂಜಿನ್ನಿನಲ್ಲಿ ಐಡಲ್‌ನಲ್ಲಿ ಒಂದೊಂದೇ ನಾಝಲ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಮೆಕ್ಯಾನಿಕ್‌ಗಳು ಹುಡುಕುತ್ತಾರೆ. ಸಡಿಲಿಸಿದರೂ ಸದ್ದು ಬದಲಾಗದಿದ್ದರೆ ಅದೇ ಕಳ್ಳ. ಅಭ್ಯಾಸ ಇಲ್ಲದವರು ಮಾಡಬೇಡಿ. ಹೊಸ ಕಾಲದ, ಕಂಪ್ಯೂಟರ್ ಹಿಡಿತದ ಕಾಮನ್ ರೈಲ್ ಎಂಜಿನ್ನಿನಲ್ಲಿ ಯಾರೂ ಮಾಡಬೇಡಿ, ಅಭ್ಯಾಸ ಇದ್ದವರೂ ಮಾಡಬೇಡಿ. ಅದರಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಕೂದಲೆಳೆಯಷ್ಟು ಚಿಮ್ಮಿದರೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೆ ಹೋದ ಡೀಸೆಲ್‌ಗೆ ಬೆರಳೇ ತೆಗೆಸಬೇಕಾಗಬಹುದು. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಕೊನೆಗೆ ಪಂಪ್ ತರುವುದೇ ಆದರೆ ಹೀಗೆ ತನ್ನಿ. ಬಿಚ್ಚುವ ಮುಂಚೆ ಪಂಪಿಗೂ ಎಂಜಿನ್ನಿಗೂ ಸೇರಿಸಿ ಗುರುತು ಗೀಚಿಕೊಳ್ಳಿ. ಪೈಪಿನ ಬಾಯಿಗಳಿಗೆಲ್ಲ ಶುದ್ಧವಾದ ಕ್ಯಾಪ್ ಹಾಕಿ, ಬಟ್ಟೆ ತುರುಕಬೇಡಿ, ಅದರ ಒಂದು ಎಳೆ ಸಾಕು ನಾಝಲ್ ಕೆಡಿಸಲು. ಪಂಪಿನ ಸೀಲ್ ನೀವೇ ಒಡೆದು ಮ್ಯಾಕ್ಸಿಮಮ್ ಸ್ಕ್ರೂ ತಿರುಗಿಸಿ ನೋಡಬೇಡಿ. ಪಂಪ್ ಒಂದನ್ನೇ ತರಬೇಡಿ, ಎಲ್ಲ ನಾಝಲ್ ಜೊತೆಗೆ ತನ್ನಿ, ಯಾವುದು ಎಷ್ಟನೇ ಸಿಲಿಂಡರಿನದು ಅಂತ ನಂಬರ್ ಬರೆದು. ಬರುವ ಮುಂಚೆ ಫೋನ್ ಮಾಡಿದರೆ ಹೊಗೆ ಯಾವ ಬಣ್ಣ ಅಂತ ಕೇಳುತ್ತೇನೆ, ನೋಡಿಕೊಂಡಿರಿ.